ಎಲ್ಲ ನಿಂತುಹೋಗಿದ್ದ ಹೊತ್ತಲ್ಲಿ ನಮ್ಮವರಾದ ರಯಾನ್‌ಗೆ ಥ್ಯಾಂಕ್ಸ್

ನವೆಂಬರ್ 2025ರಲ್ಲಿ ಫುಟ್‌ಬಾಲ್ ಆಟಗಾರ ರಯಾನ್ ವಿಲಿಯಮ್ಸ್ ಕೈಗೆ ಭಾರತದ ಪಾಸ್‌ಪೋರ್ಟ್ ಬಂತು. ಅದೂ ನಮ್ಮ ಬೆಂಗಳೂರಿನಲ್ಲೇ, ಸುನಿಲ್ ಛೇತ್ರಿ ಕೈಯಿಂದ. ಆ ಫೋಟೋ ನೋಡಿದಾಗಿನಿಂದ ನಾಲ್ಕು ಮಾತು ಬರೆಯಬೇಕು ಅಂತ ಮನಸ್ಸಲ್ಲಿ ಕೊರೆಯುತ್ತಲೇ ಇತ್ತು. ನಾನು ಬಿಎಫ್‌ಸಿ, ಅಂದರೆ ಬೆಂಗಳೂರು ಫುಟ್‌ಬಾಲ್ ಕ್ಲಬ್‌ನ ಅಭಿಮಾನಿ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗುವವರಲ್ಲಿ ಒಬ್ಬ. ಈ ಮನುಷ್ಯನಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳದೆ ಇರೋಕೆ ನನ್ನಿಂದ ಆಗುತ್ತಿಲ್ಲ.

ಫುಟ್‌ಬಾಲ್ ಜಾಸ್ತಿ ನೋಡದವರಿಗೆ ಅವರು ಯಾರು ಅಂತ ಮೊದಲು ಹೇಳಬೇಕು. ರಯಾನ್ ಹುಟ್ಟಿದ್ದು 1993ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಾಯಿ ಮುಂಬೈನ ಆಂಗ್ಲೋ ಇಂಡಿಯನ್ ಮನೆತನದವರು. ಅಜ್ಜ ಲಿಂಕನ್ ಗ್ರೋಸ್ಟೇಟ್ 1950ರ ದಶಕದಲ್ಲಿ ಬಾಂಬೆ ಪರವಾಗಿ, ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಆಡಿದವರು. ಅಣ್ಣ ರೀಸ್ ವಿಲಿಯಮ್ಸ್ ಇಂಗ್ಲೆಂಡಿನ ಮಿಡಲ್ಸ್‌ಬರೋ ಕ್ಲಬ್‌ಗೂ ಆಸ್ಟ್ರೇಲಿಯಾ ತಂಡಕ್ಕೂ ಆಡಿದರು. ಅವಳಿ ಸಹೋದರ ಆರಿನ್ ಅಂತೂ ರಯಾನ್‌ಗಿಂತ ಮೊದಲೇ ಭಾರತಕ್ಕೆ ಬಂದು, ಇಂಫಾಲದ ನೆರೋಕಾ ಕ್ಲಬ್ ಪರ ಐ-ಲೀಗ್ ಅನ್ನುವ ರಾಷ್ಟ್ರೀಯ ಲೀಗ್ ಆಡಿ ಹೋದರು. ಅಂದರೆ ಈ ಮನೆಗೂ ನಮ್ಮ ಫುಟ್‌ಬಾಲಿಗೂ ನಂಟು ಹೊಸದಲ್ಲ.

ರಯಾನ್ ಅವರ ವೃತ್ತಿಬದುಕು ಪತ್ರಿಕೆಗಳ ಮುಖಪುಟಕ್ಕೆ ಬರುವಂಥದ್ದಲ್ಲ. ಹದಿಹರೆಯದಲ್ಲಿ ಇಂಗ್ಲೆಂಡಿಗೆ ಹೋದರು. ಮೊದಲು ಸಿಕ್ಕಿದ್ದು ಪೋರ್ಟ್ಸ್‌ಮತ್. ಆಗ ಆ ಕ್ಲಬ್ ಸಾಲದಲ್ಲಿ ಮುಳುಗಿತ್ತು, 2012ರ ಫೆಬ್ರವರಿಯಲ್ಲಿ ಸಾಲದ ಕ್ಲಬ್ ನಡೆಸಲು ನೇಮಕವಾದ ಆಡಳಿತಗಾರರ ಕೈಗೇ ಹೋಯಿತು. ಅಲ್ಲಿಂದ ಪ್ರೀಮಿಯರ್ ಲೀಗಿನ ಫುಲಂಗೆ. ಅಲ್ಲಿ ಮೊದಲ ತಂಡದಲ್ಲಿ ನೆಲೆ ಸಿಗಲಿಲ್ಲ, ಆಕ್ಸ್‌ಫರ್ಡ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಆಡಲು ಹೋದರು. ಆಮೇಲೆ ಬಾರ್ನ್ಸ್ಲಿ, ರಾಥರ್‌ಹ್ಯಾಮ್, ಮತ್ತೆ ಪೋರ್ಟ್ಸ್‌ಮತ್, ಮತ್ತೆ ಆಕ್ಸ್‌ಫರ್ಡ್, ಕೊನೆಗೆ ಊರಿನ ಪರ್ತ್ ಗ್ಲೋರಿ. ನಾವು ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಾಯಿಸುವ ಹಾಗೆ ಕ್ಲಬ್ ಬದಲಾಯಿಸುತ್ತಾ ಬಂದ ಬದುಕು ಅದು. ಗಾಯ ಆದರೆ ಕಾಂಟ್ರಾಕ್ಟ್ ಮುಂದುವರಿಯುತ್ತೋ ಇಲ್ವೋ ಗೊತ್ತಿಲ್ಲ. ಕೋಚ್ ಬದಲಾದರೆ ಜಾಗ ಉಳಿಯುತ್ತೋ ಇಲ್ವೋ ಅದೂ ಗೊತ್ತಿಲ್ಲ. ಟಿವಿಯಲ್ಲಿ ಕಾಣುವ ಹತ್ತಿಪ್ಪತ್ತು ಸ್ಟಾರ್‌ಗಳನ್ನು ಬಿಟ್ಟರೆ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯುವ ಬಹುಪಾಲು ಜನರ ಕಥೆ ಇದೇ. ಆಟ ನಡೆಯುವುದೂ ಇಂಥವರಿಂದಲೇ ಅಂತ ನಾನು ನಂಬಿದ್ದೇನೆ.

2019ರ ಜೂನ್‌ನಲ್ಲಿ ಒಂದೇ ಒಂದು ಸಲ ಅವರಿಗೆ ಆಸ್ಟ್ರೇಲಿಯಾ ಜೆರ್ಸಿ ಸಿಕ್ಕಿತು. ಬುಸಾನ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧದ ಸೌಹಾರ್ದ ಪಂದ್ಯ. ಆಮೇಲೆ ಕರೆ ಬರಲಿಲ್ಲ. ಅದು ಸೌಹಾರ್ದ ಪಂದ್ಯ ಆಗಿದ್ದರಿಂದಲೇ ಫಿಫಾ ನಿಯಮದಲ್ಲಿ ಇನ್ನೊಂದು ದೇಶಕ್ಕೆ ಆಡುವ ಬಾಗಿಲು ತೆರೆದೇ ಉಳಿಯಿತು.

2023 ನಮ್ಮ ರಾಜ್ಯದ ಫುಟ್‌ಬಾಲಿಗೆ ಒಳ್ಳೆಯ ವರ್ಷ. ಆ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಮನೆಗೆ ತಂತು. ಅದೇ ವರ್ಷ ರಯಾನ್ ಬಿಎಫ್‌ಸಿಗೆ ಬಂದರು. ಬಂದಿದ್ದು ಏಷ್ಯಾ ಕೋಟಾದ, ಅಂದರೆ ಏಷ್ಯಾದ ದೇಶದವರಿಗೆ ಮೀಸಲಾದ ಜಾಗದ ವಿದೇಶಿ ಆಟಗಾರನಾಗಿ. ಆಸ್ಟ್ರೇಲಿಯಾ 2006ರಿಂದ ಏಷ್ಯಾದ ಒಕ್ಕೂಟದಲ್ಲಿದೆ ಅಲ್ವಾ, ಹಾಗಾಗಿ. ಇಲ್ಲಿಗೆ ಬರುವ ವಿದೇಶಿಯರಲ್ಲಿ ಜಾಸ್ತಿ ಜನ ಒಂದೆರಡು ಸೀಸನ್ ಆಡಿ ಹೊರಟುಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅದು ಅವರ ಹೊಟ್ಟೆಪಾಡು. ರಯಾನ್ ಬಂದ ಮೊದಲ ಸೀಸನ್‌ನಲ್ಲಂತೂ ನಾವು ಐಎಸ್‌ಎಲ್‌ನಲ್ಲಿ (ದೇಶದ ಮುಖ್ಯ ಲೀಗ್ ಆದ ಇಂಡಿಯನ್ ಸೂಪರ್ ಲೀಗ್) ಹತ್ತನೇ ಸ್ಥಾನಕ್ಕೆ ಕುಸಿದೆವು. ಬಿಟ್ಟು ಹೋಗೋಕೆ ಅಷ್ಟು ಕಾರಣ ಸಾಕಿತ್ತು. ಅವರು ಹೋಗಲಿಲ್ಲ.

ಅವರ ಆಟದಲ್ಲಿ ನನಗೆ ಅತಿ ಇಷ್ಟ ಆಗಿದ್ದು ಗೋಲುಗಳಲ್ಲ. ಸ್ಟ್ಯಾಂಡ್‌ನಿಂದ ನೋಡುವಾಗ ಚೆಂಡಿನ ಹಿಂದೆಯೇ ಕಣ್ಣು ಹೋಗುತ್ತೆ. ಒಂದು ಹತ್ತು ನಿಮಿಷ ಚೆಂಡು ಬಿಟ್ಟು ಸುಮ್ನೆ ರಯಾನ್‌ನನ್ನೇ ನೋಡಿ. ಮೈದಾನದ ಅಂಚಿನ ವಿಂಗ್‌ನಲ್ಲಿ ಚೆಂಡು ಕಳೆದುಕೊಂಡ ಕ್ಷಣ ಕೈ ಮೇಲೆತ್ತಿ ರೆಫರಿ ಕಡೆ ನೋಡುವುದಿಲ್ಲ. ತಲೆ ತಗ್ಗಿಸಿ ನಿಲ್ಲುವುದೂ ಇಲ್ಲ. ಅಲ್ಲೇ ತಿರುಗಿ ನಮ್ಮ ಗೋಲಿನ ಕಡೆ ಓಡಲು ಶುರು ಮಾಡುತ್ತಾರೆ. ನಮ್ಮ ಫುಲ್‌ಬ್ಯಾಕ್ (ಅಂಚು ಕಾಯುವ ರಕ್ಷಣಾ ಆಟಗಾರ) ಒಬ್ಬನೇ ಇಬ್ಬರನ್ನು ಎದುರಿಸಬೇಕಾದ ಜಾಗಕ್ಕೆ ಬಂದು ನಿಂತು, ಕೈ ಸನ್ನೆಯಲ್ಲಿ ನೀನು ಒಳಗಿನವನನ್ನು ಹಿಡಿ, ಹೊರಗಿನವನನ್ನು ನಾನು ನೋಡಿಕೊಳ್ಳುತ್ತೇನೆ ಅಂತ ತೋರಿಸುತ್ತಾರೆ. ಚೆಂಡು ಆಚೆ ಹೋದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಎರಡು ಸಲ ಉಸಿರೆಳೆದುಕೊಂಡು ಮತ್ತೆ ಮುಂದೆ. ಇಂಗ್ಲೆಂಡಿನ ಕೆಳಗಿನ ಡಿವಿಷನ್‌ಗಳಲ್ಲಿ ವರ್ಷಗಟ್ಟಲೆ ಮಳೆ, ಕೆಸರಲ್ಲಿ ಆಡಿದವರಿಗೆ ಈ ಅಭ್ಯಾಸ ಮೈಗೂಡಿರುತ್ತೆ. ನಮ್ಮ ಹುಡುಗರು ಪಕ್ಕದಲ್ಲೇ ನಿಂತು ಇದನ್ನು ನೋಡಿ ಕಲಿತಿದ್ದಾರೆ. ಆ ಓಟಕ್ಕೇ ಒಂದು ದೊಡ್ಡ ಥ್ಯಾಂಕ್ಸ್.

ಆಮೇಲೆ 2025ರ ಮಾರ್ಚ್ 29. ಕಂಠೀರವದಲ್ಲಿ ಐಎಸ್‌ಎಲ್ ನಾಕೌಟ್ ಪಂದ್ಯ, ಎದುರಿಗೆ ಮುಂಬೈ ಸಿಟಿ. ಗೆದ್ದಿದ್ದು 5-0! ಐದು ಗೋಲು, ಐದು ಬೇರೆ ಬೇರೆ ಆಟಗಾರರು. ಸುರೇಶ್, ಮೆಂಡೆಸ್, ರಯಾನ್, ಛೇತ್ರಿ, ಪೆರೇರಾ ಡಿಯಾಸ್. ದ್ವಿತೀಯಾರ್ಧದಲ್ಲಿ ರಯಾನ್ ಮೂರನೆಯದನ್ನು ಹೊಡೆದಾಗ ಇನ್ನು ಇವತ್ತು ನಮ್ಮದೇ ಅಂತ ಎಲ್ಲರಿಗೂ ಖಾತ್ರಿಯಾಯಿತು. ಗುರುತು ಪರಿಚಯ ಇಲ್ಲದವರೆಲ್ಲ ತಬ್ಬಿಕೊಂಡ ರಾತ್ರಿ ಅದು. ಸೆಮಿಫೈನಲ್‌ನಲ್ಲಿ ಗೋವಾವನ್ನು ದಾಟಿದೆವು. ಏಪ್ರಿಲ್ 12ರಂದು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ನಮ್ಮ ವಿರುದ್ಧ ಗೋಲು ಹೊಡೆದವರು ಜೇಸನ್ ಕಮಿಂಗ್ಸ್ ಮತ್ತು ಜೇಮಿ ಮ್ಯಾಕ್ಲಾರೆನ್. ಕಮಿಂಗ್ಸ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ತಾಯಿಯ ಕಡೆಯಿಂದ ಆಸ್ಟ್ರೇಲಿಯಾ ಪರ ವಿಶ್ವಕಪ್‌ಗೆ ಹೋದವರು. ಮ್ಯಾಕ್ಲಾರೆನ್ ಮೆಲ್ಬರ್ನ್‌ನವರು, ತಂದೆ ಸ್ಕಾಟ್ಲೆಂಡ್, ತಾಯಿ ಮಾಲ್ಟಾ. ಎರಡು ನೆಲದ ನಂಟಿನವರು ಫುಟ್‌ಬಾಲಿನಲ್ಲಿ ಎಲ್ಲ ಕಡೆ ಇದ್ದಾರೆ. ಆ ಸೋಲು ಇನ್ನೂ ನೋಯುತ್ತೆ, ಬಿಡಿ.

ಅದಕ್ಕಿಂತ ಕೆಟ್ಟದ್ದು ಮುಂದಿತ್ತು. ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದರು. ಲೀಗ್ ನಡೆಸುವ ಹಕ್ಕುಗಳ ಒಪ್ಪಂದ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು, ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಕೂಡ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದೇವೆ ಅಂತ ಪ್ರಕಟಿಸಿತು. ಇತ್ತ ರಾಷ್ಟ್ರೀಯ ತಂಡದ ಸ್ಥಿತಿಯೂ ಹಾಗೇ. ಅಕ್ಟೋಬರ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಸಿಂಗಾಪುರ ಎದುರು 1-2ರಿಂದ ಸೋತು 2027ರ ಏಷ್ಯನ್ ಕಪ್ ಅವಕಾಶ ಕೈತಪ್ಪಿತು.

ಈಗ ಇವನ್ನೆಲ್ಲ ಜೋಡಿಸಿ ನೋಡಿ. ಲೀಗ್ ನಿಂತಿತ್ತು. ಏಷ್ಯನ್ ಕಪ್ ಇರಲಿಲ್ಲ. ವಯಸ್ಸು 32. ಅಂಥ ಹೊತ್ತಲ್ಲಿ ರಯಾನ್ ಆಸ್ಟ್ರೇಲಿಯಾ ಪೌರತ್ವ ಬಿಟ್ಟುಕೊಟ್ಟು ಭಾರತೀಯನಾದರು. ಗೆಲ್ಲುವ ತಂಡಕ್ಕೆ ಸೇರುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾವು ಎಲ್ಲ ಕಡೆ ಸೋತು ಕೂತಿದ್ದಾಗ ನಾನೂ ನಿಮ್ಮವನೇ ಅಂತ ಬಂದರಲ್ಲ, ನನಗೆ ಮಾತು ಕಟ್ಟಿದ್ದು ಅದಕ್ಕೆ.

ಕ್ಲಬ್‌ಗೂ ಇದರಿಂದ ಲಾಭ ಇದೆ, ವಿದೇಶಿ ಕೋಟಾದಲ್ಲಿ ಒಂದು ಜಾಗ ಉಳಿಯುತ್ತೆ ಅಂತ ಕೆಲವರು ಹೇಳಿದರು. ನಿಜ. ಆದರೆ ಬಿಟ್ಟಿದ್ದು ಏನು ಅಂತಲೂ ನೋಡಬೇಕು. ನಮ್ಮ ದೇಶದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ರಾಷ್ಟ್ರೀಯ ತಂಡಕ್ಕೆ ಆಡುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಬೇಕೇ ಬೇಕು, 2008ರ ಕೊನೆಯಿಂದ ಸರ್ಕಾರದ ನಿಯಮ ಅದು. ಅಂದರೆ ರಯಾನ್ ಇನ್ನು ಹುಟ್ಟಿದ ಊರಿಗೆ ಹೋಗಬೇಕಾದರೂ ವೀಸಾಗೆ ಅರ್ಜಿ ಹಾಕಬೇಕು. ಅವರಿಗಿಂತ ಮೊದಲು ಹೀಗೆ ಮಾಡಿದವರು ಅರಾಟಾ ಇಜುಮಿ. ತಂದೆ ಗುಜರಾತಿ, ತಾಯಿ ಜಪಾನಿ. ಜಪಾನ್ ಪಾಸ್‌ಪೋರ್ಟ್ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದರು. ಅವರನ್ನು ನಾವು ಬೇಗ ಮರೆತೆವು ಅನ್ನಿಸುತ್ತೆ. ಈ ಬರಹದ ಥ್ಯಾಂಕ್ಸ್‌ನಲ್ಲಿ ಅವರಿಗೂ ಪಾಲಿದೆ.

ಪಕ್ಕದ ಬಾಂಗ್ಲಾದೇಶವನ್ನೇ ನೋಡಿ. ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್‌ನಲ್ಲಿ ಬೆಳೆದ ಹಮ್ಜಾ ಚೌಧರಿ ಬ್ರಿಟಿಷ್ ಪೌರತ್ವ ಬಿಡದೆಯೇ ತಾಯಿಯ ನಾಡಿಗೆ ಆಡುತ್ತಿದ್ದಾರೆ. ನವೆಂಬರ್ 18ರಂದು ಢಾಕಾದಲ್ಲಿ ಅವರ ತಂಡ ನಮ್ಮನ್ನು 1-0ಯಿಂದ ಸೋಲಿಸಿತು. ಬೆಂಗಳೂರಿನ ಕ್ಯಾಂಪ್‌ನಲ್ಲಿ ಅಭ್ಯಾಸ ಮಾಡಿದ್ದ ರಯಾನ್‌ಗೆ ಆ ದಿನ ಆಡಲು ಆಗಲಿಲ್ಲ. ದೇಶ ಬದಲಿಸುವ ಕಾಗದಪತ್ರ ಸಮಯಕ್ಕೆ ಬರಲಿಲ್ಲ. ಅಷ್ಟೆಲ್ಲ ಬಿಟ್ಟು ಬಂದವನಿಗೆ ಆ ತೊಂಬತ್ತು ನಿಮಿಷ ಹೇಗಿತ್ತೋ! ನಮಗಂತೂ ಕಷ್ಟವಾಯಿತು.

ಅಜ್ಜನ ವಿಷಯಕ್ಕೆ ಬರುತ್ತೇನೆ. ಸಂತೋಷ್ ಟ್ರೋಫಿ ಅಂದರೆ ಆಗ ಈಗಿನ ಹಾಗಲ್ಲ, ಊರಿಗೆ ಊರೇ ನೋಡುತ್ತಿದ್ದ ಟೂರ್ನಿ. 1952ರಲ್ಲಿ ನಮ್ಮ ಮೈಸೂರು ತಂಡ ಬೆಂಗಳೂರಿನಲ್ಲೇ ಬಂಗಾಳವನ್ನು ಮಣಿಸಿ ಕಪ್ ಎತ್ತಿತ್ತು. ಅದೇ ದಶಕದಲ್ಲಿ ಗ್ರೋಸ್ಟೇಟ್ ಬಾಂಬೆ ಜೆರ್ಸಿ ಹಾಕಿದ್ದರು. ಸ್ವಾತಂತ್ರ್ಯದ ನಂತರ ಆಂಗ್ಲೋ ಇಂಡಿಯನ್ ಕುಟುಂಬಗಳು ದೇಶದ ಎಲ್ಲೆಡೆಯಿಂದ ಹೊರಟವು. ಇವತ್ತು ಐಟಿ ಕಂಪನಿ, ಟ್ರಾಫಿಕ್‌ಗೆ ಹೆಸರಾದ ನಮ್ಮ ವೈಟ್‌ಫೀಲ್ಡ್ 1882ರಲ್ಲಿ ಶುರುವಾಗಿದ್ದೇ ಈ ಸಮುದಾಯದ ಊರಾಗಿ, ಒಡೆಯರು ಕೊಟ್ಟ ಜಾಗದಲ್ಲಿ. ಹೋದವರಲ್ಲಿ ಬಹಳ ಮಂದಿ ನೆಲೆಸಿದ್ದು ಪರ್ತ್‌ನಲ್ಲಿ. ಆಟವನ್ನೂ ಜೊತೆಗೆ ಒಯ್ದರು. ಭಾರತದಿಂದ ಹೋದ ಪಿಯರ್ಸ್ ಮನೆಯ ಐವರು ಸಹೋದರರೂ ಆಸ್ಟ್ರೇಲಿಯಾ ಪರ ಹಾಕಿ ಆಡಿದರು! ಅಷ್ಟು ಪ್ರತಿಭೆ ಒಂದೇ ದಿಕ್ಕಿಗೆ ಹರಿದುಹೋಗಿತ್ತು. ಈಗ ಒಬ್ಬ ಮೊಮ್ಮಗ ಆ ಕಡೆಯಿಂದ ಈ ಕಡೆಗೆ ಬಂದಿದ್ದಾನೆ. ನನಗೆ ಇದು ಪಾಸ್‌ಪೋರ್ಟಿಗಿಂತ ದೊಡ್ಡ ವಿಷಯ.

ಥ್ಯಾಂಕ್ಸ್ ಒಬ್ಬರಿಗೇ ಹೇಳಿದರೆ ಸಾಲದು. ಮಗನಿಗೆ ಮುಂಬೈ ನೆನಪು ಮಾಸದಂತೆ ನೋಡಿಕೊಂಡ ಆ ತಾಯಿಗೆ, ಅವರ ತವರಿನ ಹಿರಿಯರಿಗೆ. 2024ರ ಜೂನ್‌ನಲ್ಲಿ ವಿದಾಯ ಹೇಳಿ, ತಂಡಕ್ಕೆ ಬೇಕಾದಾಗ ಮತ್ತೆ ಬಂದು ಆಡಿದ ಛೇತ್ರಿಗೆ. ಅಂಥವರು ಡ್ರೆಸಿಂಗ್ ರೂಮ್‌ನಲ್ಲಿದ್ದರೆ ಹೊರಗಿನಿಂದ ಬಂದವರಿಗೂ ಇದು ನಮ್ಮ ಮನೆ ಅನ್ನಿಸುತ್ತೆ. ಸಂಬಳ ನಿಂತ ತಿಂಗಳುಗಳಲ್ಲೂ ಬಿಟ್ಟು ಹೋಗದ ಕ್ಲಬ್ ಸಿಬ್ಬಂದಿಗೆ. ಪಂದ್ಯಗಳೇ ಇಲ್ಲದ ದಿನಗಳಲ್ಲೂ ಗುಂಪು ಒಡೆಯದಂತೆ ಹಿಡಿದಿಟ್ಟ ವೆಸ್ಟ್ ಬ್ಲಾಕ್ ಗೆಳೆಯ ಗೆಳತಿಯರಿಗೆ.

ರಯಾನ್, ಇದನ್ನು ಯಾರಾದರೂ ನಿಮಗೆ ಓದಿ ಹೇಳಲಿ. ನೀವು ಭಾರತಕ್ಕೆ ಎಷ್ಟು ಪಂದ್ಯ ಆಡುತ್ತೀರಿ, ಎಷ್ಟು ಗೋಲು ಹೊಡೆಯುತ್ತೀರಿ ಅನ್ನುವ ಲೆಕ್ಕ ನಾವು ಇಡುತ್ತಿಲ್ಲ. ನಮ್ಮ ಊರಲ್ಲಿ ಉಳಿದಿದ್ದಕ್ಕೆ ತುಂಬಾ ತುಂಬಾ ಥ್ಯಾಂಕ್ಸ್. ನೀವು ಆಡುವ ಪಂದ್ಯಗಳಿಗೆ ಟಿಕೆಟ್ ತಗೊಳ್ತೀವಿ. ನಿಮ್ಮ ಹೆಸರಿಗೆ ಕನ್ನಡದಲ್ಲಿ ಒಂದು ಹೊಸ ಘೋಷಣೆ ಕಟ್ಟಬೇಕು ಅಂತ ಮಾತು ನಡೆದಿದೆ. ಸಲಹೆ ಇರುವವರು ಹೇಳಿ, ಡೋಲು ಬಾರಿಸೋಕೆ ಜನ ರೆಡಿ ಇದ್ದಾರೆ.