ಮಾರಾ ನದಿಯ ದಂಡೆಗೆ ಹೊರಟ ಮೇಘಾಳಿಗೆ

ನೈರೋಬಿ

ಚಿ. ಸೌ. ಮೇಘಾಳಿಗೆ ಸೋದರಮಾವನ ಆಶೀರ್ವಾದಗಳು.

ಆಗಸ್ಟ್ ಕೊನೆಯ ವಾರ ನಾಲ್ವರೂ ಇಲ್ಲಿ ಕೀನ್ಯಾದ ಮಾಸಾಯಿ ಮಾರಾ ವನ್ಯಧಾಮಕ್ಕೆ ಬರುತ್ತಿದ್ದೀರಿ, ನದಿ ದಂಡೆಯ ಲಾಡ್ಜ್‌ನಲ್ಲೇ ನಾಲ್ಕು ರಾತ್ರಿ ಉಳಿಯುತ್ತೀರಿ ಎಂದು ಓದಿ ತುಂಬಾ ಸಂತೋಷವಾಯಿತು. ನೀನು ಕಳಿಸಿದ ಮೂರು ಜಾಗಗಳ ವಿವರ ನೋಡಿದೆ. ಮೂರರಲ್ಲೂ ಈಜುಕೊಳದ ಫೋಟೊ ಇದೆ, ಊಟದ ಮೇಜಿನ ಫೋಟೊ ಇದೆ. ನದಿ ಯಾವ ಕಡೆ ತಿರುಗುತ್ತದೆ, ದಂಡೆ ಎಷ್ಟು ಎತ್ತರ, ರಾತ್ರಿ ಕಾವಲು ಹೇಗೆ ಎಂಬುದು ಒಂದರಲ್ಲೂ ಇಲ್ಲ. ನೀವು ಹಣ ಕೊಡುತ್ತಿರುವುದು ಆ ನದಿಗಾಗಿ ತಾನೇ? ಆ ಬಯಲಿನಲ್ಲಿ ಪ್ರಾಣಿಗಳಿಗೆ ನದಿಯೇ ಮನೆ, ನದಿಯೇ ದಾರಿ. ಅದರ ಅಂಚಿನಲ್ಲಿ ಹಾಸಿಗೆ ಹಾಸಿಕೊಳ್ಳುವವರು ಅದರ ಹೊತ್ತುಗೊತ್ತು ತಿಳಿದಿರಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೇಸರಿಸದೆ ಓದು.

ಮೊದಲು ಕೋಣೆ. ನದಿ ಬಾಗುವಲ್ಲಿ ಹೊರಬದಿಯ ದಂಡೆಯನ್ನು ನೀರು ಕೊರೆಯುತ್ತದೆ, ಅದು ಕಡಿದಾಗಿ ನಿಲ್ಲುತ್ತದೆ. ಒಳಬದಿಯಲ್ಲಿ ಮರಳು ಕೂಡಿ ದಿಬ್ಬವಾಗುತ್ತದೆ. ಮೊಸಳೆಗಳು ಬಿಸಿಲು ಕಾಯಿಸಲು ಬರುವುದು ಆ ದಿಬ್ಬಕ್ಕೆ, ನೀರಾನೆಗಳು ಒಂದರ ಮೈಮೇಲೊಂದು ತಲೆಯಿಟ್ಟು ಮಲಗುವುದೂ ಅಲ್ಲೇ. ನಿಮ್ಮ ಕೋಣೆ ಎತ್ತರದ ದಂಡೆಯ ಮೇಲಿದ್ದು, ಮರಳ ದಿಬ್ಬ ಎದುರಿಗೆ ಕಾಣುವಂತಿದ್ದರೆ ಹಗಲಿಡೀ ಜಗಲಿಯಲ್ಲಿ ಕೂತೇ ನೋಡಬಹುದು. ಬುಕ್ ಮಾಡುವಾಗ ಇದನ್ನೇ ಬಾಯಿಬಿಟ್ಟು ಕೇಳು. ಜೊತೆಗೆ ಊಟದ ಮನೆಯಿಂದ ಕೋಣೆಗೆ ಎಷ್ಟು ಹೆಜ್ಜೆ, ಮೆಟ್ಟಿಲು ಎಷ್ಟು ಎಂದೂ ಕೇಳು. ನಿನ್ನ ಅತ್ತೆಯವರ ಮಂಡಿಗೆ ದಂಡೆಯಂಚಿನ ಕೊನೆಯ ಡೇರೆ ತ್ರಾಸಾಗುತ್ತದೆ.

ತಗ್ಗಿನಲ್ಲಿ, ನೀರಿನ ಮಟ್ಟಕ್ಕೇ ಹಾಕಿದ ಡೇರೆ ಬೇಡ. ಮಾರಾ ನದಿ ಹುಟ್ಟುವುದು ದೂರದ ಮಾವು ಕಾಡಿನ ಎತ್ತರದಲ್ಲಿ. ಅಲ್ಲಿ ಸಂಜೆ ಮಳೆ ಸುರಿದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ರಾತ್ರೋರಾತ್ರಿ ನೀರು ಏರುತ್ತದೆ. 2024ರ ಮೇ ಆರಂಭದಲ್ಲಿ ಅದರ ಉಪನದಿ ತಾಲೆಕ್ ಉಕ್ಕಿ ಹಲವು ಕ್ಯಾಂಪುಗಳಿಗೆ ನುಗ್ಗಿ, ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ದೊಡ್ಡ ಮಳೆಗಾಲ ಮಾರ್ಚ್‌ನಿಂದ ಮೇವರೆಗೆ, ಆಗಸ್ಟ್‌ನಲ್ಲಿ ಅಂಥ ಭಯ ಕಡಿಮೆ. ಆದರೂ ನೀರು ಬಂದರೆ ಯಾವ ಕಡೆ ಹತ್ತಬೇಕೆಂದು ಬಂದ ದಿನವೇ ಕೇಳಿಟ್ಟುಕೊಳ್ಳಿ.

ಇನ್ನು ರಾತ್ರಿಯ ಮಾತು. ಪತ್ರದಲ್ಲಿ ಬೇರೆಯದೆಲ್ಲ ಮರೆತರೂ ಇದನ್ನು ಮರೆಯಬೇಡ. ನೀರಾನೆಯ ಚರ್ಮಕ್ಕೆ ಬಿಸಿಲು ತಾಳುವ ಶಕ್ತಿಯಿಲ್ಲ, ಒಣಗಿ ಬಿರಿಯುತ್ತದೆ. ಆದ್ದರಿಂದ ಹಗಲಿನ ಬಹುಪಾಲು ನೀರಿನಲ್ಲಿದ್ದು, ಕತ್ತಲಾದ ಮೇಲೆ ಮೇಯಲು ದಂಡೆ ಹತ್ತುತ್ತದೆ. ಒಂದು ರಾತ್ರಿಗೆ ಸುಮಾರು 40 ಕಿಲೊ ಹುಲ್ಲು ಬೇಕು ಅದಕ್ಕೆ. ಲಾಡ್ಜ್‌ನವರು ನೀರು ಹಾಯಿಸಿ ಬೆಳೆಸಿದ ಗಿಡ್ಡ ಹುಲ್ಲು ಅದಕ್ಕೆ ಬಲು ಇಷ್ಟ. ನೀವು ಮಲಗಿದ ಡೇರೆಯ ಬಟ್ಟೆಯಾಚೆ ಎರಡು ಮಾರು ದೂರದಲ್ಲಿ ಹಸು ಮೇಯುವಂಥ ಸದ್ದು ಕೇಳಿಸಿದರೆ, ಆಗಾಗ ಹೊಟ್ಟೆಯಾಳದಿಂದ ಗುಟುರು ಬಂದರೆ ಅದೇ. ಹೆದರಬೇಕಿಲ್ಲ, ಮುಚ್ಚಿದ ಡೇರೆಯ ಗೋಜಿಗೆ ಅದು ಬರುವುದಿಲ್ಲ. ಆದರೆ ಟಾರ್ಚ್ ಬಿಡುವುದು, ಜಿಪ್ ತೆಗೆದು ಇಣುಕುವುದು, ಫೋಟೊ ತೆಗೆಯಲು ಹೊರಗೆ ಕಾಲಿಡುವುದು ಖಂಡಿತ ಕೂಡದು. ಒಂದೂವರೆ ಟನ್ ತೂಗುವ ಪ್ರಾಣಿ ಗಂಟೆಗೆ 30 ಕಿಲೊಮೀಟರ್ ವೇಗದಲ್ಲಿ ಓಡುತ್ತದೆ. ಬೆದರಿದಾಗ ಅದಕ್ಕೆ ತೋಚುವುದು ಒಂದೇ, ನೀರಿಗೆ ಓಡುವುದು. ಅದಕ್ಕೂ ನೀರಿಗೂ ನಡುವೆ ಯಾರಿದ್ದಾರೋ ಅವರ ಗತಿ ಮುಗಿಯಿತು.

ಅದರ ದಾರಿ ಗುರುತಿಸುವುದು ಸುಲಭ. ಕಾಲುಗಳು ಅಗಲಕ್ಕಿರುವುದರಿಂದ ಹುಲ್ಲಿನಲ್ಲಿ ಗಾಡಿಜಾಡಿನಂತೆ ಎರಡು ಸಾಲು ಗುಳಿ, ನಡುವೆ ಉದ್ದಕ್ಕೆ ಏರಿದ ಮಣ್ಣು ಉಳಿದಿರುತ್ತದೆ. ಲಾಡ್ಜ್ ತಲುಪಿದ ಮಧ್ಯಾಹ್ನವೇ ಸಿಬ್ಬಂದಿಯೊಬ್ಬರನ್ನು ಕರೆದುಕೊಂಡು ಆ ಜಾಡನ್ನು ಪುಟ್ಟನಿಗೆ ತೋರಿಸು, ಅದು ನಿಮ್ಮ ಕಾಲುದಾರಿಯನ್ನು ಎಲ್ಲಿ ದಾಟುತ್ತದೆಂದು ಅವನೇ ಹುಡುಕಲಿ. ಆರು ವರ್ಷದ ಮಗುವಿಗೆ ಹತ್ತು ಸಲ ‘ಓಡಬೇಡ’ ಎನ್ನುವುದಕ್ಕಿಂತ ಅದು ಚೆನ್ನಾಗಿ ಮನಸ್ಸಿಗೆ ಹೋಗುತ್ತದೆ.

ಅಲ್ಲಿ ಸೂರ್ಯ ಮುಳುಗುವುದು ಆರೂವರೆ ದಾಟಿ. ಸಮಭಾಜಕದ ಹತ್ತಿರವಾದ್ದರಿಂದ ಮುಸ್ಸಂಜೆ ನಿಲ್ಲುವುದಿಲ್ಲ, ಅರ್ಧ ಗಂಟೆಯೊಳಗೆ ಗವ್ವೆನ್ನುವ ಕತ್ತಲು. ಆಮೇಲೆ ಕೋಣೆಯಿಂದ ಊಟಕ್ಕೆ ಹೋಗಲಿಕ್ಕೂ ಕಾವಲುಗಾರ ಬೇಕು, ಅವರನ್ನು ಅಸ್ಕಾರಿ ಅನ್ನುತ್ತಾರೆ. ಕೋಣೆಯಲ್ಲಿ ಫೋನ್, ಸೀಟಿ, ಟಾರ್ಚ್ ಯಾವುದಾದರೂ ಇರುತ್ತದೆ, ಕರೆಯುವ ಕ್ರಮ ಮೊದಲೇ ಕೇಳಿಕೊಂಡು ಎಲ್ಲರ ಮುಂದೆ ಒಮ್ಮೆ ಪ್ರಯೋಗ ಮಾಡಿ. ‘ಐವತ್ತು ಹೆಜ್ಜೆ ತಾನೇ’ ಎಂದು ಶ್ರೀನಿಧಿ ಅವರು ಒಬ್ಬರೇ ಹೊರಡದಂತೆ ನೋಡಿಕೋ. ಬೆಳಗಿನ ಜಾವ ಮೋಡ ಕವಿದಿದ್ದರೆ ಇನ್ನೂ ಎಚ್ಚರ. ಬಿಸಿಲಿಲ್ಲದ ದಿನ ನೀರಾನೆಗಳು ನೀರಿಗೆ ಮರಳುವುದು ತಡ, ಎಂಟು ಗಂಟೆಗೂ ಪೊದೆಯ ಮರೆಯಲ್ಲಿ ನಿಂತಿರಬಹುದು. ಇನ್ನು ನದಿಯಂಚಿನ ಮಾತು. ಹಗಲೇ ಆಗಲಿ, ನೀರು ಎಷ್ಟೇ ಶಾಂತವಾಗಿರಲಿ, ಕೈಕಾಲು ತೊಳೆಯಲು ಇಳಿಯಬಾರದು. ಮೊಸಳೆ ಕಣ್ಣು ಮೂಗು ಮಾತ್ರ ಮೇಲಿಟ್ಟು ತಾಸುಗಟ್ಟಲೆ ಅಲುಗದೆ ಇರಬಲ್ಲದು.

ಡೇರೆಯ ಜಿಪ್ ಹಗಲೂ ಪೂರ್ತಿ ಎಳೆದು, ಕೆಳತುದಿಯನ್ನು ಕಟ್ಟಿ ಅಥವಾ ಸಣ್ಣ ಬೀಗ ಹಾಕಿ. ಬಬೂನ್‌ಗಳೂ ವರ್ವೆಟ್ ಕೋತಿಗಳೂ ಜಿಪ್ ತೆಗೆಯುವುದನ್ನು ಕಲಿತಿವೆ. ಕೋಡುಬಳೆ, ಚಕ್ಕುಲಿ, ಬಿಸ್ಕತ್ತು, ವಾಸನೆಯ ಟೂತ್‌ಪೇಸ್ಟ್ ಏನೂ ಒಳಗಿಡಬೇಡಿ. ತಿಂಡಿಯ ಡಬ್ಬ ಕಚೇರಿಯಲ್ಲೋ ಅಡಿಗೆಮನೆಯಲ್ಲೋ ಕೊಟ್ಟರೆ ಇಟ್ಟುಕೊಳ್ಳುತ್ತಾರೆ. ರಾತ್ರಿ ಹಾಸಿಗೆಯೊಳಗೆ ಬಿಸಿಯಾದ ಮೆತ್ತನೆಯ ವಸ್ತು ಕಾಲಿಗೆ ತಾಗಿದರೆ ಅತ್ತೆಯವರು ಬೆಚ್ಚಬಾರದು, ಅದು ಬಿಸಿನೀರಿನ ಚೀಲ. ಊಟದ ಹೊತ್ತಿಗೆ ಬಂದು ಇಟ್ಟು ಹೋಗಿರುತ್ತಾರೆ. ಮಾರಾ ಸಮುದ್ರಮಟ್ಟದಿಂದ 1500 ಮೀಟರಿಗೂ ಎತ್ತರ. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಬಂದವರು ಬೆಳಗಿನ ಆರಕ್ಕೆ ತೆರೆದ ಗಾಡಿಯ ಗಾಳಿಗೆ ನಡುಗುತ್ತಾರೆ. ಸ್ವೆಟರ್, ಶಾಲು, ಮಂಕಿ ಕ್ಯಾಪ್ ನಾಲ್ವರಿಗೂ ಬೇಕು. ಹತ್ತು ಗಂಟೆಗೆ ಅವೆಲ್ಲ ಬಿಚ್ಚುವಂಥ ಬಿಸಿಲು ಬರುತ್ತದೆ, ಆಗ ಟೋಪಿ. ಬಟ್ಟೆ ಖಾಕಿ, ಬೂದು, ಕಂದು ಇರಲಿ. ಕಡುನೀಲಿ, ಕಪ್ಪು ಬಣ್ಣಕ್ಕೆ ತ್ಸೆತ್ಸೆ ನೊಣ ಬರುತ್ತದೆ, ಅದು ಬಟ್ಟೆಯ ಮೇಲಿಂದಲೂ ಕಚ್ಚುತ್ತದೆ. ಸೈನಿಕರ ಚುಕ್ಕಿಬಟ್ಟೆ ಮಗುವಿಗೂ ಬೇಡ. ಅಲ್ಲಿ ಸಾರ್ವಜನಿಕರು ಅದನ್ನು ತೊಡುವಂತಿಲ್ಲ.

ಗಾಡಿ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಮಾರಾದ ಬಹುಭಾಗ ನಮ್ಮ ಬಿಜಾಪುರ, ಗದಗದ ಕಡೆಯಂಥ ಎರೆಮಣ್ಣು. ಒಂದು ಮಳೆ ಬಿದ್ದರೆ ಚಕ್ರಕ್ಕೆ ಹಿಟ್ಟಿನಂತೆ ಮೆತ್ತಿಕೊಂಡು ಮಿನಿವ್ಯಾನ್ ಕೂತುಬಿಡುತ್ತದೆ. ನಾಲ್ಕೂ ಚಕ್ರ ಎಳೆಯುವ, ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್ ಇರಲಿ, ಪ್ರತಿಯೊಬ್ಬರಿಗೂ ಕಿಟಕಿ ಸಿಗುತ್ತದೆಯೇ ಎಂದು ಬರೆದು ಖಚಿತ ಮಾಡಿಕೋ. ಲಾಡ್ಜ್ ಸಂರಕ್ಷಿತ ಪ್ರದೇಶದ ಒಳಗಿದೆಯೋ, ಪಕ್ಕದ ಮಾರಾ ನಾರ್ತ್, ನಬೋಯಿಶೊದಂಥ ಕನ್ಸರ್ವೆನ್ಸಿಯಲ್ಲಿದೆಯೋ ಎಂಬುದೂ ಮುಖ್ಯ. ಕನ್ಸರ್ವೆನ್ಸಿ ಎಂದರೆ ಮಾಸಾಯಿ ಕುಟುಂಬಗಳು ತಮ್ಮ ಜಮೀನನ್ನು ವನ್ಯಜೀವಿಗಳಿಗಾಗಿ ಗೇಣಿಗೆ ಕೊಟ್ಟ ಜಾಗ. ಅಲ್ಲಿ ರಾತ್ರಿ ಸಫಾರಿ, ಗೈಡ್ ಜೊತೆ ನಡಿಗೆ ಸಾಧ್ಯ, ಗಾಡಿಗಳೂ ಕಡಿಮೆ. ಸಂರಕ್ಷಿತ ಪ್ರದೇಶದೊಳಗೆ ಆ ಎರಡೂ ಇಲ್ಲ, ಆದರೆ ಹುಲ್ಲೆಯ ಜಾತಿಯ ವೈಲ್ಡ್‌ಬೀಸ್ಟ್‌ಗಳು ವಲಸೆಯಲ್ಲಿ ನದಿ ದಾಟುವ ಹೆಸರಾಂತ ದಾಟುಜಾಗಗಳು ಅಲ್ಲಿವೆ. ಜುಲೈನಿಂದ ಡಿಸೆಂಬರ್‌ವರೆಗೆ ಹೊರದೇಶದ ವಯಸ್ಕರಿಗೆ ಪ್ರವೇಶಶುಲ್ಕ ದಿನಕ್ಕೆ 200 ಡಾಲರ್. ನಿಮ್ಮ ಪ್ಯಾಕೇಜಿನಲ್ಲಿ ಅದು ಸೇರಿದೆಯೇ ನೋಡು. ನಾಲ್ಕು ದಿನಕ್ಕೆ ಅದು ಸಣ್ಣ ಮೊತ್ತವಲ್ಲ.

ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವುದನ್ನು ನೋಡಲೇಬೇಕೆಂದು ಬರೆದಿದ್ದೀಯ. ತಾಳ್ಮೆ ಬೇಕು. ಸಾವಿರಾರು ಪ್ರಾಣಿಗಳು ದಂಡೆಗೆ ಬಂದು, ನೀರು ಮೂಸಿ, ಮೂರು ತಾಸು ನಿಂತು, ಒಂದು ಜೀಬ್ರಾ ಬೆದರಿತೆಂದು ಎಲ್ಲ ಹಿಂದಕ್ಕೆ ಹೋಗಿಬಿಡಬಹುದು. ಗಾಡಿ ದಂಡೆಯಿಂದ ದೂರ, ಎಂಜಿನ್ ಆರಿಸಿ, ಮೊದಲ ಸಾಲು ನೀರಿಗೆ ಬೀಳುವವರೆಗೆ ಕಾಯಬೇಕು. ಕೆಲವು ಚಾಲಕರು ಒಳ್ಳೆಯ ಫೋಟೊ ಸಿಗಲೆಂದು ಎದುರು ದಂಡೆಯಲ್ಲಿ, ಹಿಂಡು ಹತ್ತಿ ಬರುವ ಬಾಯಿಗೇ ಗಾಡಿ ನಿಲ್ಲಿಸುತ್ತಾರೆ. ಮುಂದಿನ ಪ್ರಾಣಿ ಗಾಡಿ ಕಂಡು ತಿರುಗುತ್ತದೆ, ಹಿಂದಿನವು ನುಗ್ಗುತ್ತಲೇ ಇರುತ್ತವೆ, ನಡುವೆ ಸಿಕ್ಕ ಕರುಗಳು ತುಳಿತಕ್ಕೆ, ಮೊಸಳೆಗೆ ಹೋಗುತ್ತವೆ. ಇದನ್ನು ನೆನೆದರೆ ನನಗೆ ಈಗಲೂ ಕರುಳು ಹಿಂಡುತ್ತದೆ. ನಿಮ್ಮ ಗೈಡ್‌ಗೆ ಮೊದಲ ದಿನವೇ ಹೇಳು: ‘ನಮಗೆ ಹತ್ತಿರ ಬೇಡ, ಅವುಗಳ ದಾರಿ ಕಟ್ಟಬೇಡಿ.’ ಅತಿಥಿಯ ಬಾಯಿಂದ ಆ ಮಾತು ಬಂದರೆ ಅವರಿಗೂ ನಿರಾಳ. ಹೆಚ್ಚಿನವರು ಅತಿಥಿಯ ಒತ್ತಾಯಕ್ಕೇ ತಪ್ಪು ಮಾಡುವುದು. ದಾಟುವಾಗ ಮುಳುಗಿ ಸಾಯುವವೂ ಬಹಳ, 2001ರಿಂದ 2015ರವರೆಗಿನ ಅಧ್ಯಯನದಲ್ಲಿ ವರ್ಷಕ್ಕೆ ಸರಾಸರಿ 6250 ಎಂದು ಲೆಕ್ಕವಾಗಿದೆ. ಹಾಗಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದಾಟುಜಾಗದ ಕೆಳಹರಿವಿನ ಲಾಡ್ಜ್‌ಗಳಿಗೆ ಕೆಲವು ದಿನ ವಾಸನೆ ಬರುತ್ತದೆ. ರಣಹದ್ದುಗಳಿಗೂ ಮೀನುಗಳಿಗೂ ಅದೇ ಊಟ. ಪುಟ್ಟ ಕೇಳಿದರೆ ಮುಚ್ಚಿಡದೆ ಹೇಳು.

ಮಧ್ಯಾಹ್ನದ ಸಫಾರಿ ಒಂದು ದಿನವಾದರೂ ಬಿಟ್ಟು ಜಗಲಿಯಲ್ಲೇ ಕೂರಿ. ಆನೆಗಳು ನೀರಿಗೆ ಬರುವುದು ಬಿಸಿಲೇರಿದ ಮೇಲೆ. ತಲೆಗೊಂದು 8×42 ಬೈನಾಕ್ಯುಲರ್ (ಎಂಟು ಪಟ್ಟು ಹತ್ತಿರ ತೋರಿಸುವುದು) ಇರಲಿ. ಒಂದನ್ನೇ ನಾಲ್ವರು ಕೈ ಬದಲಿಸುವಷ್ಟರಲ್ಲಿ ಚಿರತೆ ಪೊದೆ ಸೇರಿರುತ್ತದೆ.

ಊಟಕ್ಕೆ ಅತ್ತೆಯವರು ಚಿಂತಿಸಬೇಕಿಲ್ಲ. ಚಪಾತಿ ಅಲ್ಲಿಯವರದೇ ಅಡಿಗೆಯಾಗಿದೆ. ಹೆಸರುಕಾಳಿನ ಪಲ್ಯವನ್ನು ಎಂಡೆಂಗು, ಮೆಕ್ಕೆಜೋಳ–ಹುರುಳಿಕಾಯಿ ಬೀಜ ಬೇಯಿಸಿದ್ದನ್ನು ಗಿಥೇರಿ, ಸೊಪ್ಪಿನ ಪಲ್ಯವನ್ನು ಸುಕುಮಾ ವಿಕಿ ಎನ್ನುತ್ತಾರೆ. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಆದರೆ ರಾಗಿಮುದ್ದೆಯಂತೆ ನುಂಗಬಾರದು, ಅಗಿಯಬೇಕು. ಮಾಂಸ ತಿನ್ನುವುದಿಲ್ಲ ಎಂಬುದನ್ನು ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ‘ಸಿಲಿ ನ್ಯಾಮಾ’ ಎಂದು ಸ್ಪಷ್ಟವಾಗಿ ಹೇಳಿ, ಮೊಟ್ಟೆ, ಮೀನು ಬೇಡವೆಂದು ಬೇರೆಯಾಗಿ ಹೇಳಿ. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲಿಕ್ಕೂ ಕೋಣೆಯ ಫಿಲ್ಟರ್ ನೀರೇ ಇರಲಿ.

ಈಗ ಹೊರಡುವ ಮುಂಚಿನ ಕೆಲಸ. ಹಳದಿ ಜ್ವರದ ಲಸಿಕೆಯಿಲ್ಲದೆ ಕೀನ್ಯಾದಿಂದ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿಡುತ್ತಾರೆ. ಲಸಿಕೆ ಹಾಕಿಸಿದಾಗ ಕೊಡುವ ಪ್ರಮಾಣಪತ್ರದ ಹಳದಿ ಪುಸ್ತಕ ಹತ್ತು ದಿನವಾದ ಮೇಲೆ ಊರ್ಜಿತ. ಅರವತ್ತು ದಾಟಿದವರಲ್ಲಿ ಮೊದಲ ಸಲಕ್ಕೆ ಅಪರೂಪವಾದರೂ ಗಂಭೀರ ಅಡ್ಡಪರಿಣಾಮ ಉಂಟು. ಅತ್ತೆಯವರ ಬಗ್ಗೆ ಟಿಕೆಟ್ ಕೊಳ್ಳುವ ಮೊದಲೇ ವೈದ್ಯರ ಹತ್ತಿರ ಮಾತಾಡಿ. ಮಲೇರಿಯಾ ಮಾತ್ರೆಯ ಆಯ್ಕೆಯೂ ವೈದ್ಯರದೇ. ಅಟೊವಾಕ್ವೋನ್–ಪ್ರೊಗ್ವಾನಿಲ್ ಬರೆದುಕೊಟ್ಟರೆ ಒಂದೆರಡು ದಿನ ಮೊದಲೇ ಶುರು, ಮರಳಿದ ಮೇಲೂ ಏಳು ದಿನ. ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ, ಅದು ಪುಟ್ಟನ ವಯಸ್ಸಿಗೆ ಸಲ್ಲದು. ಮಗುವಿಗೆ ತೂಕದ ಲೆಕ್ಕದಲ್ಲಿ ಪ್ರಮಾಣ. ಊರಿಗೆ ಬಂದೆವಲ್ಲ ಎಂದು ಮಾತ್ರೆ ನಿಲ್ಲಿಸುವುದೇ ಹೆಚ್ಚಿನವರ ತಪ್ಪು.

ನೈರೋಬಿಯಲ್ಲಿ ದೊಡ್ಡ ವಿಮಾನ ಇಳಿಯುವುದು ಜೊಮೊ ಕೆನ್ಯಾಟಾದಲ್ಲಿ, ಮಾರಾದ ಸಣ್ಣ ವಿಮಾನ ಏರುವುದು ವಿಲ್ಸನ್‌ನಲ್ಲಿ. ನಡುವೆ ಊರಿನ ಟ್ರಾಫಿಕ್ ಇದೆ, ನಾಲ್ಕು ಗಂಟೆಯ ಅಂತರ ಇಟ್ಟುಕೊಳ್ಳಿ. ಆ ಸಣ್ಣ ವಿಮಾನದಲ್ಲಿ ಕೈಚೀಲ ಸೇರಿ ತಲೆಗೆ 15 ಕಿಲೊ, ಮೆತ್ತನೆಯ ಚೀಲವೇ ಆಗಬೇಕು, ಗಟ್ಟಿ ಸೂಟ್‌ಕೇಸ್ ತುರುಕಲಾಗದು. ಪ್ಲಾಸ್ಟಿಕ್ ಕೈಚೀಲ 2017ರಿಂದ ನಿಷಿದ್ಧ, ತಿಂಡಿಯನ್ನು ಬಟ್ಟೆಚೀಲದಲ್ಲಿ ಸ್ಟೀಲ್ ಡಬ್ಬಿ ಇಟ್ಟು ತನ್ನಿ. ಅಲ್ಲಿ ಪ್ಲಗ್ಗಿಗೆ ಆಯತಾಕಾರದ ಮೂರು ಕಡ್ಡಿ, ನಮ್ಮದು ಹಿಡಿಸದು. ರಾತ್ರಿ ಕೆಲವು ತಾಸು ಕರೆಂಟ್ ಇರದಿರಬಹುದು, ಯಾರಾದರೂ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವವರಿದ್ದರೆ ಮೊದಲೇ ತಿಳಿಸಿ. ವಿಮೆಯಲ್ಲಿ ವಿಮಾನದ ಮೂಲಕ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಬೇಕು.

ಬೆಂಗಳೂರಿಗೆ ಮರಳಿದ ಮೇಲೆ ವಾರಕ್ಕೋ ಎರಡು ತಿಂಗಳಿಗೋ ಯಾರಿಗಾದರೂ ಜ್ವರ ಬಂದರೆ, ಮಾತ್ರೆ ತಪ್ಪದೆ ತೆಗೆದುಕೊಂಡಿದ್ದರೂ ಸರಿ, ಅದೇ ದಿನ ಮಲೇರಿಯಾದ ರಕ್ತಪರೀಕ್ಷೆ ಮಾಡಿಸಿ. ‘ಕೀನ್ಯಾಕ್ಕೆ ಹೋಗಿದ್ದೆವು’ ಎಂಬುದನ್ನು ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ಅತ್ತೆಯವರಿಗೆ ನನ್ನ ನಮಸ್ಕಾರ, ಪುಟ್ಟನಿಗೆ ಮುತ್ತು.

ಇಂತಿ,
ನಿನ್ನ ಸೋದರಮಾವ

ತಾ.ಕ.: ಕ್ಯಾಮೆರಾ ಊರಲು ಸ್ಟ್ಯಾಂಡ್ ಹೊರಬೇಡಿ, ಗಾಡಿಯಲ್ಲಿ ಅದಕ್ಕೆ ಜಾಗವಿಲ್ಲ. ಜಿಪ್ ಇರುವ ಖಾಲಿ ಬಟ್ಟೆಚೀಲವೊಂದನ್ನು ಹೊಲಿಸಿಕೊಂಡು ಬನ್ನಿ. ಲಾಡ್ಜ್‌ನ ಅಡಿಗೆಯವರನ್ನು ಕೇಳಿದರೆ ಎರಡು ಕಿಲೊ ಅಕ್ಕಿಯನ್ನೋ ಹುರುಳಿಬೀಜವನ್ನೋ ಕೊಡುತ್ತಾರೆ. ತುಂಬಿ ಗಾಡಿಯ ಅಂಚಿನ ಮೇಲಿಟ್ಟರೆ ಲೆನ್ಸ್ ಅಲುಗುವುದಿಲ್ಲ. ಹೊರಡುವ ದಿನ ಕಾಳು ಅಡಿಗೆಮನೆಗೇ ಹಿಂತಿರುಗಿಸಿ.