ಹಕ್ಕಿ ಹೇಗೆ ಸತ್ತಿತು ಅನ್ನುವುದನ್ನೂ ಬರೆಸಿ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಯಲ್ಲಿ ಪರಿಸರದ ಸುದ್ದಿ ಜಾಸ್ತಿ ಬರುತ್ತಿದೆ, ಖುಷಿ. ಆದರೆ ಹೆಚ್ಚಿನವು ‘ಹಕ್ಕಿಗಳ ಸಂಖ್ಯೆ ಇಳಿಕೆ, ತಜ್ಞರ ಆತಂಕ’ ಅನ್ನುವಷ್ಟಕ್ಕೇ ಮುಗಿದುಬಿಡುತ್ತವೆ. ಹಕ್ಕಿ ಹೇಗೆ ಸತ್ತಿತು? ನಮಗೆ ಬೇಕಾಗಿರುವುದು ಅದೇ ಅಲ್ವಾ?

ಮೊನ್ನೆ ರೇಚಲ್ ಕಾರ್ಸನ್ ಅವರ ಬರಹ ಮತ್ತೆ ಓದಿದೆ. ಕಡಲ ಜೀವಿಗಳ ಬಗ್ಗೆ ಬರೆದೇ ಹೆಸರಾದ ಅಮೆರಿಕದ ಜೀವವಿಜ್ಞಾನಿ. ಸರ್ಕಾರದ ಮೀನುಗಾರಿಕೆ ಇಲಾಖೆಗೆ ಅವರು ಮೊದಲು ಬರೆದುಕೊಟ್ಟಿದ್ದು ರೇಡಿಯೊ ಕಾರ್ಯಕ್ರಮಗಳನ್ನು. ಒಮ್ಮೆ ಕೇಳಿದರೆ ಅರ್ಥವಾಗುವ ಹಾಗೆ ಬರೆಯುವುದು ಅಲ್ಲೇ ರೂಢಿಯಾಯಿತೇನೋ.

1962ರ ಅವರ ಪುಸ್ತಕದಲ್ಲಿ ಮಿಶಿಗನ್‌ನ ಒಂದು ವಿಶ್ವವಿದ್ಯಾಲಯದ ಕಥೆ ಇದೆ. ಎಲ್ಮ್ ಮರಗಳಿಗೆ ರೋಗ ಹರಡುವ ದುಂಬಿಗಳನ್ನು ಕೊಲ್ಲಲು ಅಲ್ಲಿ 1954ರಲ್ಲಿ ಡಿಡಿಟಿ ಅನ್ನುವ ಕೀಟನಾಶಕ ಹೊಡೆಯಲು ಶುರು ಮಾಡಿದರು. ವಿಷ ಎಲೆಗೆ ಅಂಟಿತು, ಎಲೆ ಉದುರಿತು, ಉದುರಿದ ಎಲೆಯನ್ನು ಎರೆಹುಳು ತಿಂದಿತು, ವಸಂತದಲ್ಲಿ ವಾಪಸ್ ಬಂದ ರಾಬಿನ್ ಹಕ್ಕಿ ಆ ಎರೆಹುಳುಗಳನ್ನು ಹೆಕ್ಕಿ ತಿಂದು, ಮೈ ನಡುಗಿ ಸತ್ತಿತು. ಹಕ್ಕಿಯ ಮೇಲೆ ಯಾರೂ ವಿಷ ಹೊಡೆದಿರಲಿಲ್ಲ. ಕಾರ್ಸನ್ ಬರೀ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ವಿಷ ಎಷ್ಟು ಪಾಲು ಅನ್ನುವ ಲೆಕ್ಕ) ಅಂಕಿ ಹೇಳಿ ಬಿಡುವುದಿಲ್ಲ. 11 ದೊಡ್ಡ ಎರೆಹುಳು ಸಾಕು ಒಂದು ರಾಬಿನ್ ಸಾಯಲು, ಅಷ್ಟನ್ನು ಅದು ಹತ್ತು ಹನ್ನೆರಡು ನಿಮಿಷದಲ್ಲೇ ತಿಂದುಬಿಡುತ್ತದೆ ಅನ್ನುತ್ತಾರೆ. ಇದನ್ನು ಓದಿದವರು ಆ ವಿಷದ ಲೆಕ್ಕವನ್ನು ಮರೆಯುವುದುಂಟಾ?

ಆಗ ಅವರ ಮೇಲೆ ಕೀಟನಾಶಕ ಕಂಪನಿಗಳು ಮುಗಿಬಿದ್ದವು. ಕೀಟನಾಶಕವನ್ನು ಮುಟ್ಟಲೇಬೇಡಿ ಅಂತ ಅವರು ಎಲ್ಲೂ ಬರೆದಿರಲಿಲ್ಲ, ಆದರೂ ಹಾಗೆ ಬರೆದಿದ್ದಾರೆ ಅಂತಲೇ ಇವತ್ತಿಗೂ ಹೇಳುವವರಿದ್ದಾರೆ. 1964ರಲ್ಲಿ ಕಾರ್ಸನ್ ತೀರಿಕೊಂಡರು. ಅಮೆರಿಕ ಡಿಡಿಟಿಯ ಹೆಚ್ಚಿನ ಬಳಕೆಗಳನ್ನು ನಿಲ್ಲಿಸಿದ್ದು 1972ರಲ್ಲಿ.

ಹಾಗಾಗಿ ಒಂದು ಕೋರಿಕೆ. ಕಪ್ಪೆ, ಜೇಡ, ಬಾವಲಿ, ಹೀಗೆ ಯಾವುದಾದರೂ ಒಂದು ಜೀವಿಯ ಹಿಂದೆ ವರ್ಷಗಟ್ಟಲೆ ಓಡಾಡಿದ ಜೀವವಿಜ್ಞಾನಿಗಳಿಗೆ ವಾರಕ್ಕೊಮ್ಮೆ ಅರ್ಧ ಪುಟ ಕೊಡಿ. ಅವರ ಹತ್ತಿರ ಎರಡು ಸಾಲಿನ ಹೇಳಿಕೆ ತೆಗೆದುಕೊಂಡು ಸುಮ್ನಾಗಬೇಡಿ, ಅವರೇ ಬರೆಯಲಿ. ಭಾಷೆ ತೊಡಕಾಗಿದ್ದರೆ ಜೊತೆಗೆ ಕೂತು ತಿದ್ದಿ. ಶೀರ್ಷಿಕೆ, ಫೋಟೊ ಚಿಕ್ಕದಾದರೂ ಪರವಾಗಿಲ್ಲ. ಎಲೆಯಿಂದ ಹುಳುವಿಗೆ, ಹುಳುವಿನಿಂದ ಹಕ್ಕಿಗೆ ವಿಷ ದಾಟಿದ್ದು ಹೇಗೆ ಅನ್ನುವ ನಡುವಿನ ಸಾಲುಗಳನ್ನು ಮಾತ್ರ ಜಾಗ ಸಾಲದು ಅಂತ ತೆಗೆಯಬೇಡಿ.

ಇಂತಿ,
ನಿಮ್ಮ ಓದುಗ