ಅಕ್ವೇರಿಯಂ ವೈರಿಂಗ್ ಕೆಲಸ ಇನ್ನು ಮುಂದೆ ನಮ್ಮದೇ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮಲ್ಲಿ ಅಕ್ವೇರಿಯಂ ಕೊಂಡವರ ಮನೆಯಲ್ಲಿ ತೊಟ್ಟಿ ಕೂರಿಸುವುದರ ಜೊತೆಗೆ ಅದರ ವೈರುಗಳನ್ನೂ ನಾವೇ ಜೋಡಿಸಿ ಕೊಡುತ್ತೇವೆ. ಇದುವರೆಗೆ ಸ್ಟ್ಯಾಂಡ್ ಇಟ್ಟು, ಮರಳು ಹಾಕಿ, ನೀರು ತುಂಬಿಸಿ ಬರುತ್ತಿದ್ದೆವು. ಪ್ಲಗ್ ಎಲ್ಲಿಗೆ ಹಾಕುವುದು ಅನ್ನೋದು ಮನೆಯವರಿಗೆ ಬಿಟ್ಟಿದ್ದಾಗಿತ್ತು. ಈ ಬದಲಾವಣೆಯಿಂದ ಕೆಲಸಕ್ಕೆ ಸುಮಾರು ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ. ಕೂಲಿ ಹೆಚ್ಚಿಸುವುದಿಲ್ಲ. ಬೋರ್ಡ್, ಕ್ಲಿಪ್, ಟೈಗಳ ಬೆಲೆ ಮಾತ್ರ ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತದೆ.

ಎರಡಡಿಯ ಸಣ್ಣ ತೊಟ್ಟಿಗೂ ಫಿಲ್ಟರ್, ಏರ್ ಪಂಪ್, ಲೈಟ್, ಹೀಟರ್ ಅಂತ ನಾಲ್ಕು ವೈರ್ ಬರುತ್ತವೆ. ಇಷ್ಟು ಸಣ್ಣ ತೊಟ್ಟಿಯಲ್ಲಿ ಎಲ್ಲ ಸೇರಿದರೂ 150 ವ್ಯಾಟ್ ದಾಟುವುದು ಕಡಿಮೆ, ಹಾಗಾಗಿ ಲೋಡ್ ಬಗ್ಗೆ ನಮಗೆ ಚಿಂತೆಯಿಲ್ಲ. ಚಿಂತೆ ನೀರಿನದು. ಗುಳ್ಳೆ ಒಡೆದು ಹಾರುವ ಹನಿ, ಮುಚ್ಚಳದಡಿ ಕಟ್ಟುವ ತೇವ ವೈರ್ ಹಿಡಿದು ಮೆಲ್ಲಗೆ ಇಳಿಯುತ್ತದೆ. ವೈರ್ ನೇರ ಸಾಕೆಟ್‌ಗೆ ಹೋಗಿದ್ದರೆ ನೀರೂ ಅಲ್ಲಿಗೇ ಹೋಗುತ್ತದೆ, ಅಲ್ವಾ?

ಅದಕ್ಕೇ ಪ್ರತಿ ವೈರೂ ಸಾಕೆಟ್‌ಗಿಂತ ಒಂದು ಗೇಣು ಕೆಳಗೆ ಜೋಲು ಬಿದ್ದು, ಆಮೇಲೆ ಮೇಲಕ್ಕೆ ಹತ್ತಿ ಪ್ಲಗ್ ಸೇರಬೇಕು. ಹನಿ ಆ ಜೋಲಿನಿಂದ ನೆಲಕ್ಕೆ ಬೀಳುತ್ತದೆ, ಸಾಕೆಟ್ ಮುಟ್ಟುವುದಿಲ್ಲ. ಡ್ರಿಪ್ ಲೂಪ್ ಅನ್ನುವುದು ಇದಕ್ಕೇ. ಒಂದು ಪೈಸೆ ಖರ್ಚಿಲ್ಲ. ಆದರೆ ನಾವು ಹೋಗುವ ಎಷ್ಟೋ ಮನೆಗಳಲ್ಲಿ ಎಕ್ಸ್‌ಟೆನ್ಶನ್ ಬಾಕ್ಸ್ ತೊಟ್ಟಿಯ ಕೆಳಗೆ, ಬರೀ ನೆಲದ ಮೇಲೆ ಬಿದ್ದಿರುತ್ತದೆ. ನೀರು ಬದಲಾಯಿಸುವಾಗ ಒಂದು ಮಗ್ ಚೆಲ್ಲಿದರೆ ಸಾಕು. ಇನ್ನು ಮೇಲೆ ಬೋರ್ಡನ್ನು ಸ್ಟ್ಯಾಂಡಿನ ಬದಿಗೆ, ನೆಲದಿಂದ ಎತ್ತರದಲ್ಲಿ, ಸ್ಕ್ರೂ ಹಾಕಿಯೇ ಕೂರಿಸುತ್ತೇವೆ. ಒಂದೊಂದು ಪ್ಲಗ್‌ಗೂ ಬೇರೆ ಸ್ವಿಚ್, ಅದರ ಮೇಲೆ ಹೆಸರಿನ ಚೀಟಿ. ಹೀಟರ್ ಯಾವುದು ಅಂತ ಕಣ್ಣಿಗೆ ಕಾಣಲೇಬೇಕು. ನೀರು ತೆಗೆಯುವ 15 ನಿಮಿಷ ಮೊದಲೇ ಅದನ್ನು ಆರಿಸಿ. ಹೀಟರಿನ ಬಿಸಿ ಗಾಜು ಗಾಳಿಗೆ ತೆರೆದುಕೊಂಡು ಆಮೇಲೆ ತಣ್ಣೀರು ತಾಗಿದರೆ ಒಡೆಯಬಹುದು. ತೊಟ್ಟಿಯೊಳಗೆ ಕೈ ಹಾಕುವಾಗಂತೂ ಎಲ್ಲ ಸ್ವಿಚ್ಚೂ ಆಫ್ ಇರಲಿ.

ಇನ್ನೊಂದು ನಿಯಮ ಕೆಲವರಿಗೆ ಕಿರಿಕಿರಿ ಅನ್ನಿಸಬಹುದು, ಆದರೂ ಬಿಡುವುದಿಲ್ಲ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದಿದ್ದರೆ ನೀರಿನೊಳಗೆ ಮುಳುಗುವ ಹೀಟರ್, ಫಿಲ್ಟರ್ ಯಾವುದನ್ನೂ ಜೋಡಿಸುವುದಿಲ್ಲ. "ಎಂಸಿಬಿ ಇದೆಯಲ್ಲ" ಅಂತ ತುಂಬ ಜನ ಕೇಳುತ್ತಾರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್. ಅದು ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. 6 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ ಅದಕ್ಕೂ ಜಾಸ್ತಿ ಕರೆಂಟ್ ಹರಿಯಬೇಕು. ಜೀವ ಹೋಗಲು ಅದರ ಒಂದು ಚೂರು ಸಾಕು. ಹೀಟರಿನ ಗಾಜು ಬಿರಿದು ನೀರಿಗೆ 230 ವೋಲ್ಟ್ ಸೇರಿದ್ದು ಗೊತ್ತಿಲ್ಲದೆ ಮನೆಯ ಮಗು ಕೈ ಅದ್ದಿದರೆ, ಕ್ಷಣದಲ್ಲಿ ಕರೆಂಟ್ ಕಡಿಯುವುದು ಆರ್‌ಸಿಸಿಬಿ ಮಾತ್ರ. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ, ನಮ್ಮ ಹುಡುಗರು ಮೇನ್ ಬೋರ್ಡ್ ಮುಟ್ಟುವುದಿಲ್ಲ. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

ಆರ್‌ಸಿಸಿಬಿ ಹಾಕಿಸುವವರೆಗೆ ತೊಟ್ಟಿ ಸುಮ್ನೆ ಇರಬೇಕಿಲ್ಲ. ಏರ್ ಪಂಪಿಗೆ ಸ್ಪಾಂಜ್ ಫಿಲ್ಟರ್ ಕೊಟ್ಟು ಹೋಗುತ್ತೇವೆ. ಪಂಪ್ ಹೊರಗಿರುತ್ತದೆ, ನೀರಿಗೆ ಇಳಿಯುವುದು ಬರೀ ಗಾಳಿ ಪೈಪ್. ಹೇಗೂ ಹೊಸ ತೊಟ್ಟಿಯ ನೀರು ಹದಕ್ಕೆ ಬರಲು ಕೆಲವು ವಾರ ಬೇಕು. ಕರೆಂಟ್ ಹೋದಾಗ ಆ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪ್ ಸೇರುವುದುಂಟು. ಆದ್ದರಿಂದ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡುತ್ತೇವೆ, ಪೈಪಿಗೆ ಚೆಕ್ ವಾಲ್ವ್ ಹಾಕುತ್ತೇವೆ. ಇನ್ವರ್ಟರ್ ಇದ್ದರೆ ಫಿಲ್ಟರ್, ಏರ್ ಪಂಪ್ ಅದಕ್ಕೆ ಕೊಡಿ. ಹೀಟರ್ ಬೇಡ, ಬ್ಯಾಟರಿ ಬೇಗ ಮುಗಿಯುತ್ತದೆ.

ಈಗಾಗಲೇ ನಮ್ಮಿಂದ ತೊಟ್ಟಿ ಕೊಂಡವರಿಗೂ ಇದು ಅನ್ವಯಿಸುತ್ತದೆ. ಮೀನಿನ ಆಹಾರಕ್ಕೆ ಅಂಗಡಿಗೆ ಬರುವಾಗ ತೊಟ್ಟಿಯ ಹಿಂಬದಿಯದೂ ಮೇನ್ ಬೋರ್ಡಿನದೂ ಒಂದೊಂದು ಫೋಟೋ ಫೋನಿನಲ್ಲಿ ತೆಗೆದು ತನ್ನಿ. ನೋಡಿ, ಏನು ಬೇಕು ಅಂತ ಹೇಳಿ, ಬರುವ ದಿನ ಗೊತ್ತು ಮಾಡುತ್ತೇವೆ.

ಇಂತಿ,
ನಿಮ್ಮ ಅಕ್ವೇರಿಯಂ ಅಂಗಡಿಯ ಬಳಗ